ಮಾತು ಬಿಟ್ಟು ಬರ್ಫದ ಗುಡ್ಡ ಹತ್ತಿದ್ದು

ಚಿಕ್ಕೋಡಿಯ ಚಳಿ ಎಂಥದು ಎಂದು ಹೊರಗಿನವರು ಕೇಳಿದರೆ ಉತ್ತರ ಹೇಳುವುದು ನನಗೆ ಕಷ್ಟ. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ದೀಪಾವಳಿ ಮುಗಿದು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಂಡವೆಂದರೆ ನಮ್ಮಲ್ಲಿ ಚಳಿಗಾಲ ಬಂತು ಎಂದು ಅರ್ಥ. ಬೆಳಿಗ್ಗೆ ಹಾಲು ಹಾಕಲು ಬರುವವನು ಕಾನಟೋಪಿಯೊಳಗೆ ಮುಖ ಮುಚ್ಚಿಕೊಂಡು, "ಥಂಡಿ ಬಾಳ ಐತ್ರಿ ಅಕ್ಕಾರ" ಎಂದು ನಡುಗುತ್ತಾನೆ. ಬಿಸಿಲೇರಿದ ಮೇಲೆ ಅವನೇ ಅಂಗಿಯ ಗುಂಡಿ ಬಿಚ್ಚಿಕೊಂಡು ಬಸ್‌ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಿರುತ್ತಾನೆ. ನಮ್ಮ ಚಳಿ ಇಷ್ಟೇ. ಆದರೂ ವರ್ಷಕ್ಕೊಮ್ಮೆ ಟ್ರಂಕಿನಿಂದ ಸ್ವೆಟರು, ಶಾಲು ತೆಗೆದು ಬಿಸಿಲಿಗೆ ಹಾಕುವ ಶಾಸ್ತ್ರವನ್ನು ನಾನು ತಪ್ಪಿಸುವುದಿಲ್ಲ.

ಈ ಸಲ ಆ ಶಾಸ್ತ್ರ ನಡೆದಾಗ ಟ್ರಂಕಿನ ತಳದಲ್ಲಿ ಒಂದು ಕಾಲುಚೀಲ ಸಿಕ್ಕಿತು. ಒಂದೇ ಒಂದು. ಸೈನಿಕರು ಹಾಕುವಂಥದ್ದು, ಹಸಿರು ಉಣ್ಣೆಯದು, ನನ್ನ ಮೊಣಕಾಲು ಮುಟ್ಟುವಷ್ಟು ಉದ್ದ. ಹಿಮ್ಮಡಿಯಲ್ಲಿ ಮುಷ್ಟಿ ಹಿಡಿಸುವಂಥ ತೂತು. ನಮ್ಮನೆಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ಯಾಕ ಇಟ್ಟಿ? ಒಲಿಗಿ ಹಾಕ" ಎಂದರು. "ಒಲಿಗಿ ಹಾಕೂದಿದ್ರ ನಿಮ್ಮ ಆ ಕೆಟ್ಟ ರೇಡಿಯೋ ಮೊದಲ ಹಾಕ್ರಿ" ಎಂದು ನಾನು ಕಸಿದುಕೊಂಡೆ. ಅವರು ರೇಡಿಯೋದ ಚಿಂತೆಯಲ್ಲಿ ಒಳಗೆ ಹೋದರು.

ಈ ಕಾಲುಚೀಲವನ್ನು ನಾನು ಹಾಕಿಕೊಂಡದ್ದು ಕಾಲಿಗಲ್ಲ, ಶೂಗೆ. ಹೌದು, ಶೂ ಒಳಗೆ, ಕಾಲುಚೀಲ ಹೊರಗೆ. ಹಾಗೆ ಹಾಕಿಕೊಂಡು ಹಗಲು ಹೊತ್ತಿನಲ್ಲಿ ಬುದ್ಧಿ ಸರಿಯಿದ್ದೂ ನಡೆದಾಡಿದ ಹೆಂಗಸರು ನಮ್ಮ ಸೀಮೆಯಲ್ಲಿ ಇಬ್ಬರೇ ಇರಬೇಕು. ಒಬ್ಬಳು ನಾನು. ಇನ್ನೊಬ್ಬರು ನನ್ನ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ಆ ಹೊತ್ತಿಗೆ ನಾವಿಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಮಾತು ಬಿಟ್ಟದ್ದನ್ನು ಹೇಳುವ ಮೊದಲು ಮಾತು ಕೂಡಿದ್ದನ್ನು ಹೇಳಬೇಕು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ವೈನಿ ಅಥಣಿ ಕಡೆಯಿಂದ ಸದಲಗಾದ ನಮ್ಮ ಮನೆಗೆ ಸೊಸೆಯಾಗಿ ಬಂದರು. ಬಂದ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಗಾಳಿ ಎದ್ದು ಆಣೆಕಲ್ಲು ಬಿದ್ದವು. ಹಂಚಿನ ಮೇಲೆ ಪಟಪಟ ಸಪ್ಪಳ. ನಮ್ಮ ಅವ್ವ ಬಾಗಿಲಿಗೆ ಅಡ್ಡ ನಿಂತು, "ಯಾರೂ ಹೊರಗ ಹೋಗಬ್ಯಾಡ್ರಿ, ತಲಿ ಒಡೀತೈತಿ" ಎಂದು ಕೂಗುತ್ತಿದ್ದರೆ ಹೊಸ ಸೊಸೆ ಹಿತ್ತಲ ಬಾಗಿಲಿನಿಂದ ನುಸುಳಿ, ತಲೆಯ ಮೇಲೆ ಹಿಟ್ಟು ನಾದುವ ದೊಡ್ಡ ಪರಾತ ಬೋರಲು ಹಾಕಿಕೊಂಡು, ನನ್ನ ಕೈ ಹಿಡಿದು ಅಂಗಳಕ್ಕೆ ಓಡಿದ್ದಳು. ಇಬ್ಬರೂ ಒಂದೇ ಪರಾತದ ಕೆಳಗೆ. ಸೆರಗಿನ ತುಂಬ ಆಣೆಕಲ್ಲು ಆಯ್ದುಕೊಂಡು ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತು ಕಡಿದು ತಿಂದೆವು. ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಅವ್ವ ಬೈದದ್ದು ಬಹಳ, ನಮಗೆ ಕೇಳಿಸಿದ್ದು ಕಡಿಮೆ. ಅಂದಿನಿಂದ ನನಗೆ ಗೆಳತಿ ಎಂದರೆ ವೈನಿ. ಹೇನು ತೆಗೆದವರು ಅವರು, ಸೈಕಲ್ ಕಲಿಸಿದವರು ಅವರು. ಸೈಕಲ್ ಅವರಿಗೂ ಬರುತ್ತಿರಲಿಲ್ಲ, ಅದು ಬೇರೆ ಮಾತು. ನನ್ನ ಮಗಳು ಹುಟ್ಟಿದಾಗ ಅವ್ವನ ಕೈಯಲ್ಲಿ ಶಕ್ತಿ ಇರಲಿಲ್ಲ. ಬಾಣಂತನವನ್ನೆಲ್ಲ ಮಾಡಿದವರು ವೈನಿಯೇ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ಹಚ್ಚಿ ಎರೆದವರು.

ಇಂಥವರ ಜೊತೆ ಮಾತು ಬಿಡಲು ಏನಾದರೂ ದೊಡ್ಡ ಕಾರಣ ಇರಬೇಕು ಎಂದುಕೊಳ್ಳುತ್ತೀರಿ. ಕಾರಣ ಒಂದು ಸೀರೆ.

ನಮ್ಮ ಕಡೆ ಮದುವೆಯೆಂದರೆ ಆಹೇರ. ನೆಂಟರಿಗೆಲ್ಲ ಸೀರೆ, ಖಣ, ಟಾವೆಲು, ಟೋಪಿ ಕೊಡಬೇಕು. ಅವರೂ ನಮಗೆ ಕೊಡುತ್ತಾರೆ. ಹೀಗೆ ಬಂದ ಸೀರೆಯನ್ನು ಯಾರೂ ಉಡುವುದಿಲ್ಲ. ಕವರಿನಲ್ಲೇ ಟ್ರಂಕಿಗೆ ಹಾಕಿ, ಮುಂದಿನ ಮದುವೆಗೆ ಇನ್ನೊಬ್ಬರಿಗೆ ಆಹೇರ ಮಾಡುತ್ತಾರೆ. ಒಂದೊಂದು ಸೀರೆ ನಿಪ್ಪಾಣಿಯ ಅಂಗಡಿಯಿಂದ ಹೊರಟು, ರಾಯಬಾಗ ನೋಡಿ, ಕಾಗವಾಡ ದಾಟಿ, ಶೇಡಬಾಳದ ಯಾರದೋ ಟ್ರಂಕಿನಲ್ಲಿ ವರ್ಷಗಟ್ಟಲೆ ಮಲಗಿ, ಯಾವ ಹೆಂಗಸಿನ ಮೈಯನ್ನೂ ಮುಟ್ಟದೆ ಮುದುಕಿಯಾಗುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನನ್ನ ಮಗಳು ಅಶ್ವಿನಿಯ ಮದುವೆಯಲ್ಲಿ ವೈನಿ ನನಗೆ ಆಹೇರ ಮಾಡಿದ ಸೀರೆ, ಹಿಂದೆ ನಾನೇ ಅವರಿಗೆ ಕೊಟ್ಟದ್ದಾಗಿತ್ತು. ಸೆರಗಿನ ಮೂಲೆಯಲ್ಲಿ ನನ್ನದೇ ಕೈಯ ಅರಿಷಿಣದ ಕಲೆ. ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ನಮ್ಮ ಮನೆತನಕ್ಕೆ ಬಂದ ಗುಣವಲ್ಲ. ತುಂಬಿದ ಹೆಂಗಸರ ನಡುವೆ, "ಈ ಸೀರಿಗಿ ನಮ್ಮ ಮನಿ ಹಾದಿ ಚಲೋ ಗೊತ್ತೈತಿ ಬಿಡ್ರಿ" ಎಂದೆ. ವೈನಿ ಬಿಟ್ಟಾರೆಯೇ? "ಹೌದು, ನಮ್ಮ ಮನ್ಯಾಗೂ ಅದನ್ನ ಯಾರೂ ಉಡಾಕ ಒಲ್ಲೆ ಅಂದ್ರು. ಅಂಥಾ ಸೀರಿ ಕೊಟ್ಟಿದ್ದಿ" ಎಂದರು. ಹೆಂಗಸರೆಲ್ಲ ನಕ್ಕರು. ನಕ್ಕದ್ದು ತನ್ನನ್ನು ನೋಡಿ ಎಂದು ಇಬ್ಬರಿಗೂ ಅನ್ನಿಸಿತು. ಅಲ್ಲಿಗೆ ಮಾತು ನಿಂತಿತು. ತಪ್ಪು ಅವರದೇ. ಅವರನ್ನು ಕೇಳಿದರೆ ನನ್ನದು ಎನ್ನುತ್ತಾರೆ.

ಮಾತು ಬಿಡುವುದೆಂದರೆ ಸಂಬಂಧ ಬಿಡುವುದಲ್ಲ, ಅದನ್ನು ಮೊದಲು ತಿಳಿದುಕೊಳ್ಳಿ. ಹೋಗುವುದು, ಬರುವುದು, ಉಣ್ಣುವುದು, ಬಡಿಸುವುದು ಎಲ್ಲ ಇರುತ್ತದೆ. ಮಾತು ಮಾತ್ರ ನೇರವಾಗಿ ಹೋಗಬಾರದು, ನಡುವೆ ಒಬ್ಬರು ಬೇಕು. ನಾನು ಸದಲಗಾಕ್ಕೆ ಹೋದರೆ ವೈನಿ ನನ್ನೆದುರಿಗೇ ನಿಂತು ಅಣ್ಣನಿಗೆ, "ಚಾ ಕುಡೀತಾರೇನ ಕೇಳ್ರಿ" ಎನ್ನುತ್ತಿದ್ದರು. ಅಣ್ಣ ಬಾಯಿ ತೆರೆಯುವ ಮೊದಲೇ ನಾನು, "ಸಕ್ಕರಿ ಕಮ್ಮಿ ಹಾಕಂತ ಹೇಳಣ್ಣಾ" ಎನ್ನುತ್ತಿದ್ದೆ. ಅಣ್ಣ ಹೊಲಕ್ಕೆ ಹೋಗಿದ್ದರೆ ಅಂಗಳದಲ್ಲಿ ಎಮ್ಮೆ ಇದ್ದೇ ಇತ್ತು. ವೈನಿ ಅದರ ಬೆನ್ನು ಸವರುತ್ತ, "ಸಂಜೀ ಬಸ್ಸು ಇವತ್ತ ಬರಾಂಗಿಲ್ಲಂತ ನೋಡವಾ" ಎನ್ನುವುದು, ನಾನು ಅದನ್ನು ಕೇಳಿಸಿಕೊಂಡು ಲಗುಲಗು ಚೀಲ ಹೆಗಲಿಗೇರಿಸುವುದು. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಅವರು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಹಾಕುತ್ತಿದ್ದರು. ನಾನು ಎಲ್ಲರ ಹೂವಿಗೂ ಹೆಬ್ಬೆರಳು ಒತ್ತಿ, ಅವರದೊಂದನ್ನು ಬಿಡುತ್ತಿದ್ದೆ. ಅವರೂ ಅಷ್ಟೇ. ಇದರಲ್ಲಿ ನಾವಿಬ್ಬರೂ ಬಹಳ ಪ್ರಾಮಾಣಿಕರು.

ಹೊರಗೆ ಹೀಗೆ ಠೀವಿಯಿಂದ ಇದ್ದರೂ ಒಳಗೆ ನನಗೆ ಬಹಳ ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದ ಮನೆಯಲ್ಲಿ ಏನಾದರೂ ನಡೆಯಿತೆಂದರೆ ಮೊದಲು ವೈನಿಗೆ ಹೇಳಬೇಕೆಂದು ಕೈ ಫೋನಿಗೆ ಹೋಗುತ್ತಿತ್ತು. ಹೋದ ಕೈಯನ್ನು ಹಿಂದಕ್ಕೆ ತಂದು ತಲೆ ತುರಿಸಿಕೊಳ್ಳುತ್ತಿದ್ದೆ. ಹೊಟ್ಟೆ ತುಂಬ ನಗುವಂಥ ಸುದ್ದಿ ಸಿಕ್ಕರೂ ಅದನ್ನು ಹೇಳಲು ಸರಿಯಾದ ಮನುಷ್ಯರೇ ಇಲ್ಲ. ನಮ್ಮನೆಯವರಿಗೆ ಹೇಳಿದರೆ "ಆಮ್ಯಾಲೇನಾತು?" ಎಂದು ಕೇಳುತ್ತಾರೆ. ಅಂಥವರಿಗೆ ಏನು ಹೇಳುವುದು?

ಹೀಗಿರುವಾಗ ಅಶ್ವಿನಿ ಬಸುರಿಯಾದಳು. ಅವಳ ಗಂಡ ಬಸವರಾಜ ಪಾಲಬಾವಿಯವನು, ಫೌಜಿನಲ್ಲಿದ್ದಾನೆ. ಆಗ ಅವನಿಗೆ ಉತ್ತರಾಖಂಡದ ಗುಡ್ಡದ ಮೇಲಿನ ಒಂದು ಊರಿನಲ್ಲಿ ಡ್ಯೂಟಿ, ಇಬ್ಬರೂ ಅಲ್ಲೇ ಕ್ವಾರ್ಟರ್ಸಿನಲ್ಲಿದ್ದರು. ಫೋನಿನಲ್ಲಿ ಅಶ್ವಿನಿ ಹೇಳಿದ ಮೊದಲ ಮಾತು, "ಅವ್ವಾ, ನನ್ನ ಬಾಣಂತನಕ್ಕ ಮಾಮಿ ಬೇಕು." ಅವಳ ಮಾಮಿ ಎಂದರೆ ನನ್ನ ವೈನಿ.

"ಆತು, ಅಣ್ಣಗ ಹೇಳ್ತೀನಿ" ಎಂದೆ.

"ಮಾಮಾಗ ಹೇಳಿ ಏನ್ ಮಾಡ್ತಿ? ಕೂಸಿಗಿ ಎರಿಯಾಕ ಮಾಮಾ ಬರ್ತಾನೇನು? ಬಾಣಂತನಕ್ಕ ಬಾಯಿಲೆ ಕರೀಬೇಕು. ನಿನ್ನ ಬಾಯಿಲೆ."

ಅವಳು ಹೇಳಿದ್ದು ಸರಿಯೇ. ನಮ್ಮಲ್ಲಿ ಮದುವೆಗೆ ಪತ್ರಿಕೆ ಕಳಿಸಿದರೆ ನಡೆಯುತ್ತದೆ. ಬಾಣಂತನಕ್ಕೆ ಮಾತ್ರ ಕೂಸಿನ ಅಜ್ಜಿ ತಾನೇ ಬಾಯಿ ಬಿಟ್ಟು ಕರೆಯಬೇಕು. ಕರೆಯದಿದ್ದರೆ ಬರುವವರು ಬರುವುದಿಲ್ಲ, ಬಂದರೂ ಮರ್ಯಾದೆ ಇರುವುದಿಲ್ಲ. ನನಗೋ, ವೈನಿ ಮೊದಲು ಮಾತಾಡಲಿ, ಆಮೇಲೆ ಬೇಕಾದರೆ ಕಾಲಿಗೂ ಬೀಳುತ್ತೇನೆ ಎಂಬ ಹಟ. ತಿಂಗಳುಗಳು ಕಳೆದವು, ಬಾಯಿ ಬರಲಿಲ್ಲ.

ಕೊನೆಗೆ ಅಶ್ವಿನಿಯೇ ಉಪಾಯ ಹೂಡಿದಳು. "ಐದು ತಿಂಗಳಾದ್ವು, ನನ್ನ ನೋಡಾಕ ಬಾ" ಎಂದು ನನಗೆ ಹೇಳಿದಳು, ಅದನ್ನೇ ಮಾಮಿಗೂ ಹೇಳಿದಳು. ಮೀರಜ ಸ್ಟೇಷನ್ನಿನಲ್ಲಿ ಅಣ್ಣ ಇಬ್ಬರನ್ನೂ ಎದುರುಬದುರು ಸೀಟಿನಲ್ಲಿ ಕೂರಿಸಿ, ನಮ್ಮ ಮುಖ ನೋಡುವ ಧೈರ್ಯವಿಲ್ಲದೆ ನೀರಿನ ಬಾಟಲಿ ತರುತ್ತೇನೆಂದು ಇಳಿದವನು ಗಾಡಿ ಬಿಡುವವರೆಗೆ ಬರಲಿಲ್ಲ. ನಮ್ಮ ಪುಣ್ಯಕ್ಕೆ ಪಕ್ಕದಲ್ಲಿ ಒಬ್ಬ ಮರಾಠಿ ಅಜ್ಜಿ ಇದ್ದಳು. "ಅವರಿಗೆ ಚಟ್ನಿ ಬೇಕೇನ ಕೇಳ್ರಿ" ಎಂದು ನಾನು ಮರಾಠಿಯಲ್ಲಿ ಹೇಳಿದರೆ, ವೈನಿ ಮರಾಠಿಯಲ್ಲೇ "ರೊಟ್ಟಿ ನಮ್ಮ ಕಡೆ ಅದಾವಂತ ಹೇಳ್ರಿ" ಎನ್ನುವರು. ಅಜ್ಜಿ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ತಿರುಗಿ ಕುತ್ತಿಗೆ ನೋಯಿಸಿಕೊಂಡು, "ನೀವು ನಾದಿನಿ ವೈನಿ ಹೌದಲ್ಲ?" ಎಂದು ಕೇಳಿ ರೊಟ್ಟಿ ಚಟ್ನಿ ಎರಡನ್ನೂ ತಾನೇ ಇಸಿದುಕೊಂಡು ಉಂಡಳು. ಅವಳು ಭೋಪಾಳದಲ್ಲಿ ಇಳಿದಳು. ಅಲ್ಲಿಂದ ದಿಲ್ಲಿಯವರೆಗೆ ನಾವು ಕಿಟಕಿ ನೋಡಿದೆವು.

ದಿಲ್ಲಿಯಿಂದ ಅಶ್ವಿನಿಯ ಊರು ಮುಟ್ಟಿದಾಗ ಡಿಸೆಂಬರ್ ಆಗಷ್ಟೇ ಹಿಡಿದಿತ್ತು. ಆ ಊರಿನಲ್ಲಿ ಮೊದಲ ಹಿಮ ಬಿದ್ದು ಹೋಗಿತ್ತಂತೆ. ಅಶ್ವಿನಿ ನಮ್ಮಿಬ್ಬರ ಮೈಗೂ ಗಂಡನ ಜಾಕೀಟು ತೊಡಿಸಿ, ಬಿಸಿ ಬಿಸಿ ಚಹಾ ಕೊಟ್ಟು ತನ್ನ ಹುಕುಂ ಹೊರಡಿಸಿದಳು. ಊರ ಮೇಲಿನ ಗುಡ್ಡದ ತುದಿಯಲ್ಲಿ ಒಬ್ಬ ದೇವಿ ಇದ್ದಾಳೆ. ಬಸುರಿಗೆ ಹತ್ತಲು ಆಗುವುದಿಲ್ಲ. ಅವಳ ಹೆಸರಿನಲ್ಲಿ ತವರಿನವರು ಹೋಗಿ ದೇವಿಗೆ ಉಡಿ ತುಂಬಿ, ಕಾಯಿ ಒಡೆಸಿಕೊಂಡು ಬರಬೇಕು.

"ಇಬ್ಬರೂ ಹೋಗ್ಬೇಕು. ಒಬ್ಬಾಕಿ ಹೋದ್ರ ನಡಿಯಾಂಗಿಲ್ಲ" ಎಂದಳು.

ಈ ಕಟ್ಟಳೆ ದೇವಿಯದೋ ಅಶ್ವಿನಿಯದೋ ನನಗೆ ಇಂದಿಗೂ ಗೊತ್ತಿಲ್ಲ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡವಳ ಮಾತಿಗೆ ಎದುರಾಡುವುದು ಹೇಗೆ? ಇಬ್ಬರೂ ತಲೆ ಆಡಿಸಿದೆವು.

ಆ ಸಂಜೆಯೇ ವೈನಿ ಊರಿನಿಂದ ತಂದಿದ್ದ ತೆಂಗಿನಕಾಯಿ ತೆಗೆದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗುಳುಗುಳು ಎಂದಿತು. ಅಶ್ವಿನಿಯ ಕೈಗೆ ಕೊಟ್ಟರು, ಅವಳೂ ಅಲ್ಲಾಡಿಸಿದಳು. ಅವಳು ನನಗೆ ಕೊಟ್ಟಳು, ನಾನೂ ಅಲ್ಲಾಡಿಸಿದೆ. ಅಲ್ಲಾಡಿಸದೆ ಕಾಯಿ ಒಪ್ಪಿಕೊಳ್ಳುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಅಕ್ಕಿ, ಖಣ, ಉತ್ತತ್ತಿ, ಬಳೆ, ಕಾಯಿ ಎಲ್ಲವನ್ನೂ ಬುಟ್ಟಿಗೆ ಹಾಕಿ, ಊರಿನಲ್ಲಿ ಮಾಡುವಂತೆಯೇ ಹೊರಗೆ ಪಡಸಾಲೆಯ ಗೂಟಕ್ಕೆ ನೇತುಹಾಕಿದೆವು. ಮನೆಯೊಳಗೆ ಇಟ್ಟರೆ ಸ್ನಾನ ಮಾಡದವರ ಕೈ ತಾಗುತ್ತದೆ, ದೇವರ ಬುಟ್ಟಿಗೆ ಮೈಲಿಗೆ ಆಗಬಾರದಲ್ಲ.

ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಬಕೆಟ್ಟಿನ ನೀರು ದಪ್ಪಗೆ ಹೆಪ್ಪುಗಟ್ಟಿತ್ತು. ಚೊಂಬಿನಿಂದ ಕುಟ್ಟಿದ ಮೇಲೆಯೇ ಟಪ್ಪೆಂದು ಒಡೆಯಿತು. ನಾನು ಸೀರೆಯ ಕೆಳಗೆ ಅಶ್ವಿನಿಯ ಪ್ಯಾಂಟು, ಮೇಲೆ ಎರಡು ಸ್ವೆಟರು, ಅದರ ಮೇಲೆ ಅಳಿಯನ ಜಾಕೀಟು, ತಲೆಗೆ ಕಾನಟೋಪಿ ಹಾಕಿಕೊಂಡೆ. ಕನ್ನಡಿಯಲ್ಲಿ ನನ್ನನ್ನು ನೋಡಿ ನನಗೇ ಗುರುತು ಹತ್ತಲಿಲ್ಲ. ವೈನಿ ಇಳಕಲ್ಲ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಜಾಕೀಟಿನ ಮೇಲೆ ಸೆರಗು ಹೊದ್ದು, ಕೈಯಲ್ಲೊಂದು ಕೋಲು ಹಿಡಿದು ನಿಂತಿದ್ದರು. ಇಷ್ಟೆಲ್ಲದರ ಮೇಲೆ ತಲೆ ತುಂಬ ಸೆರಗು ಮಾತ್ರ ತಪ್ಪಿರಲಿಲ್ಲ.

ಬುಟ್ಟಿ ಹಿಡಿದು ಬಸವರಾಜ ಮುಂದೆ, ನಾವು ಹಿಂದೆ. ಬಿಸಿಲು ಬಿದ್ದ ಕಡೆ ಹಾದಿ ಹಸಿ ಕೆಸರು, ನಮ್ಮ ಕಬ್ಬಿನ ಗದ್ದೆಯ ಒಡ್ಡಿನ ಹಾಗೆಯೇ; ಅಲ್ಲಿ ನಾವು ಗತ್ತಿನಿಂದ ನಡೆದೆವು. ಮರಗಳ ನೆರಳು ಬಂದದ್ದೇ ಗತ್ತು ಮುಗಿಯಿತು. ಹಗಲಲ್ಲಿ ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗಿ ಹಾದಿಯೆಲ್ಲ ಗಾಜಾಗಿತ್ತು. ಬಂಡೆಯ ಅಂಚಿನಿಂದ ಬರ್ಫದ ಕೋಲುಗಳು ಇಳಿಬಿದ್ದಿದ್ದವು. ಸಣ್ಣ ಸಣ್ಣ ಹೊಂಡಗಳ ಮೇಲೆ ತೆಳ್ಳಗಿನ ಬರ್ಫ, ಕಾಲಿಟ್ಟರೆ 'ಕರ್ರ್' ಎಂದು ಹಪ್ಪಳದಂತೆ ಮುರಿಯುತ್ತಿತ್ತು. ನಾನು ಯಾರೂ ನೋಡದಾಗ ಬೇಕೆಂತಲೇ ಒಂದೆರಡನ್ನು ತುಳಿದೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದಲೂ 'ಕರ್ರ್' ಕೇಳಿಸಿತು. ತಿರುಗಿ ನೋಡಿದರೆ ವೈನಿ ಆಕಾಶ ನೋಡುತ್ತಿದ್ದರು.

"ನಿಂದರ್ರಿ ಇಬ್ಬರೂ" ಎಂದು ಬಸವರಾಜ ಚೀಲದಿಂದ ತನ್ನ ಹಸಿರು ಕಾಲುಚೀಲಗಳನ್ನು ತೆಗೆದ. "ಇವನ್ನ ಶೂ ಮ್ಯಾಲೆ ಹಾಕ್ಕೋರಿ. ರಬ್ಬರ ಜಾರತೈತಿ, ಉಣ್ಣಿ ಹಿಡ್ಕೋತೈತಿ. ಮಣಕಾಲ ಬಗ್ಗಿಸಿ, ಪೂರ್ತಿ ಪಾದ ಊರಿ, ಸಣ್ಣ ಸಣ್ಣ ಹೆಜ್ಜಿ ಇಡ್ರಿ."

ಹಾಕಿಕೊಂಡೆವು. ಸೊಂಟ ಬಗ್ಗಿಸಿ, ಕೈ ಅಗಲಿಸಿ, ಎರಡು ಬಾತುಕೋಳಿಗಳು ನಡೆದಂತೆ ನಡೆದೆವು. ಆದರೂ ವೈನಿ ಮೊದಲು ಬಿದ್ದರು. ಮೆಲ್ಲಗೆ, ಗೌರವದಿಂದ, ಮಣೆಯ ಮೇಲೆ ಊಟಕ್ಕೆ ಕೂತಂತೆ ಕೂತರು. ನನಗೆ ನಗು ತಡೆಯದಾಯಿತು.

"ಅವರಿಗೆ ಪೆಟ್ಟಾತೇನ ಕೇಳ್ರಿ" ಎಂದೆ ಅಳಿಯನಿಗೆ.

"ಪೆಟ್ಟಾತೇನ್ರಿ ಮಾಮಿ?"

"ಇಲ್ಲಂತ ಹೇಳ್ರಿ. ನಗಬ್ಯಾಡಂತನೂ ಹೇಳ್ರಿ."

"ನಗಬ್ಯಾಡಂತ್ರಿ ಅತ್ತಿಯವರ."

ಮುಂದಿನ ತಿರುವಿನಲ್ಲಿ ನಾನು ಬಿದ್ದೆ. ವೈನಿಯಷ್ಟು ಗೌರವದಿಂದ ಅಲ್ಲ. ಎರಡೂ ಕಾಲು ಮೇಲೆ, ಕಾನಟೋಪಿ ಒಂದು ಕಡೆ. "ಅವರಿಗೆ ಹೇಳ್ರಿ" ಎಂದು ವೈನಿ ಶುರು ಮಾಡಿದ ಕೂಡಲೇ ಬಸವರಾಜ ಕೈ ಮುಗಿದ. "ಮಾಮಿ, ನಾ ಬಾರ್ಡರದಾಗ ಡ್ಯೂಟಿ ಮಾಡಿ ಬಂದೀನ್ರಿ. ಎರಡು ದೇಶದ ನಡುವನೂ ಇಷ್ಟು ತ್ರಾಸ ಇರಲಿಲ್ರಿ" ಎಂದ. ಪಾಪ, ಅಳಿಯ ಒಳ್ಳೆಯವನು. ಅಲ್ಲಿಂದ ನಾವು ಅವನ ಕೈಯಲ್ಲಿ ಮಾತು ಕಳಿಸುವುದನ್ನು ಬಿಟ್ಟು ಹತ್ತಿದೆವು.

ತುದಿ ಹತ್ತಿರ ಬಂದಾಗ ಒಂದು ಹಳ್ಳ ಹಾದಿಗೆ ಅಡ್ಡ ಹರಿದು, ಹರಿಯುವ ಭಂಗಿಯಲ್ಲೇ ಹೆಪ್ಪುಗಟ್ಟಿ ನಿಂತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಬಸವರಾಜ ಮೊದಲು ದಾಟಿ ಕೈ ಚಾಚಿದ. ಅವನ ಕೈ ವೈನಿ ಹಿಡಿಯಬೇಕು, ವೈನಿಯ ಕೈ ನಾನು. ಕೈ ಹಿಡಿಯುವುದು ಮಾತಾಡಿದ ಲೆಕ್ಕಕ್ಕೆ ಬರುತ್ತದೆಯೇ ಎಂದು ನಾನು ನಿಂತು ಯೋಚಿಸುತ್ತಿರುವಾಗಲೇ ವೈನಿ ಹಿಂತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದರು. ಹಿಡಿದೆ. ಒರಟು ಕೈ, ಬೆಚ್ಚಗಿತ್ತು. ಆ ಕೈಯನ್ನು ಹಿಡಿಯದೆ ಎಷ್ಟು ದಿನವಾಗಿತ್ತು ಎಂದು ನೆನಪಾಯಿತು. ಈಗಲೇ ಕರೆದುಬಿಡೋಣ ಎಂದುಕೊಂಡೆ. ಬಾಣಂತನಕ್ಕೆ ಬರ್ರಿ, ಎರಡೇ ಶಬ್ದ. ಹಳ್ಳ ದಾಟಿದ್ದೇ ವೈನಿ ಕೈ ಬಿಟ್ಟರು, ನನ್ನ ಶಬ್ದಗಳೂ ಹಿಂದಕ್ಕೆ ಹೋದವು.

ದೇವಿಯ ಗುಡಿ ನಮ್ಮೂರ ಹೊಲದ ಗುಡಿಯಷ್ಟೇ ಇತ್ತು, ಕಲ್ಲಿನದು. ಚಳಿಗೆ ಪೂಜಾರಿ ಕೆಳಗಿಳಿದು ಹೋಗಿದ್ದ. ಬಸವರಾಜ ನಮ್ಮನ್ನು ಬಿಟ್ಟು, ಅಶ್ವಿನಿಗೆ ಮುಟ್ಟಿದ ಸುದ್ದಿ ಹೇಳಲು ಫೋನು ಎತ್ತಿ ಹಿಡಿದುಕೊಂಡು ಸಿಗ್ನಲ್ ಹುಡುಕುತ್ತ ಆಚೆಯ ಬಂಡೆಯ ಕಡೆ ಹೋದ. ಈಗ ದೇವಿ, ನಾನು, ವೈನಿ. ನಡುವೆ ಯಾರೂ ಇಲ್ಲ. ವೈನಿ ಅರಿಷಿಣ ಕುಂಕುಮ ಹಚ್ಚಿದರು, ನಾನು ಅಕ್ಕಿ ಹಾಕಿದೆ. ಅವರು ಬಳೆ ಇಟ್ಟರು, ನಾನು ಖಣ ಇಟ್ಟೆ. ಒಂದೂ ಮಾತಿಲ್ಲದೆ ಉಡಿ ತುಂಬಿದ್ದಾಯಿತು. ಆಮೇಲೆ ವೈನಿ ಕಾಯಿ ತೆಗೆದು, ರೂಢಿಯಂತೆ ಕಿವಿಗೆ ಹಿಡಿದು ಅಲ್ಲಾಡಿಸಿದರು.

ಸಪ್ಪಳವಿಲ್ಲ.

ಇನ್ನೊಂದು ಕಿವಿಗೆ ಹಿಡಿದು ಅಲ್ಲಾಡಿಸಿದರು. ಸೆರಗು ಸರಿಸಿ ಮತ್ತೆ ಅಲ್ಲಾಡಿಸಿದರು. ಮುಖದ ಬಣ್ಣ ಇಳಿಯಿತು. ಕಾಯಿಯನ್ನು ನನ್ನ ಕೈಗಿಟ್ಟರು. ನಾನು ಅಲ್ಲಾಡಿಸಿದೆ. ಕಲ್ಲು ಅಲ್ಲಾಡಿಸಿದಂತಾಯಿತು. ನೀರಿಲ್ಲದ ಕಾಯಿ ಎಂದರೆ ನಮ್ಮಲ್ಲಿ ಏನರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ: ಒಳಗೆ ಕೆಟ್ಟಿದೆ. ಬಸುರಿಯ ಹೆಸರಿನಲ್ಲಿ ತಂದ ಕಾಯಿ ಕೆಟ್ಟಿದ್ದರೆ... ಆ ಮಾತನ್ನು ಮನಸ್ಸಿನಲ್ಲೂ ಪೂರ್ತಿ ಮಾಡಲು ನನಗೆ ಆಗಲಿಲ್ಲ. ನಿನ್ನೆ ಸಂಜೆ ಮೂವರೂ ಕೇಳಿದ್ದೇವೆ, ಗುಳುಗುಳು ಎಂದದ್ದು. ಒಂದು ರಾತ್ರಿಯಲ್ಲಿ ನೀರು ಎಲ್ಲಿಗೆ ಹೋಯಿತು?

"ವೈನೀ, ಕಾಯಿ ಯಾಕ್ರಿ ಸಪ್ಪಳ ಮಾಡವಲ್ದು?"

ನಾನೇ ಅಂದೆ. ನೇರವಾಗಿ, ಅವರ ಮುಖ ನೋಡಿ. ಅಂದದ್ದು ನನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ.

"ಸುಮ್ನಿರ. ಏನೂ ಆಗಿಲ್ಲ" ಎಂದರು ವೈನಿ. "ಇಲ್ಲಿ ಕೊಡು, ನಾ ಒಡೀತೀನಿ."

"ಬ್ಯಾಡ್ರಿ. ನಾ ಒಡೀತೀನಿ. ಕೆಟ್ಟಿತ್ತಂದ್ರ ನನ್ನ ಕೈಯಾಗ ಕೆಡ್ಲಿ, ಅದರ ಪೀಡಾ ಏನೈತಿ ನನಗ ಬರ್ಲಿ."

"ಶಾಣ್ಯಾಳ ಕಂಡಿ. ಹಡದಾಕಿ ಕೈಯಾಗ ಕೆಟ್ಟ ಕಾಯಿ ಒಡಸ್ತಾರೇನು? ಬಿಡ ಇಲ್ಲಿ!"

"ನಾ ಬಿಡಾಂಗಿಲ್ಲ."

"ಬಿಡ ಅಂದ್ನಿ, ಸುಮಿ!"

ದೇವಿಯ ಎದುರಿಗೇ ಇಬ್ಬರೂ ಕಾಯಿ ಹಿಡಿದು ಜಗ್ಗಾಡಿದೆವು. ವೈನಿಗೆ ನನಗಿಂತ ಹತ್ತು ವರ್ಷ ಹೆಚ್ಚು, ಶಕ್ತಿಯೂ ಹೆಚ್ಚು. ಕಸಿದುಕೊಂಡು, ಕಣ್ಣು ಮುಚ್ಚಿ, "ಏನಿದ್ರೂ ನನ್ನ ತಲಿ ಮ್ಯಾಲೆ ಹಾಕವಾ ತಾಯಿ" ಎಂದು ದೇವಿಗೆ ಹೇಳಿ ಕಲ್ಲಿಗೆ ಅಪ್ಪಳಿಸಿದರು. ಕಾಯಿ ಇಬ್ಭಾಗವಾಯಿತು. ಒಂದು ಹನಿಯೂ ಚೆಲ್ಲಲಿಲ್ಲ. ವೈನಿ ಕಣ್ಣು ತೆರೆಯಲಿಲ್ಲ. ನಾನು ಬಗ್ಗಿ ನೋಡಿದೆ. ಬೆಳ್ಳಗಿನ ಹೊಸ ಕೊಬ್ಬರಿ, ನಡುವೆ ನಿಂಬೆಹಣ್ಣಿಗಿಂತ ದೊಡ್ಡದೊಂದು ಬರ್ಫದ ಗುಂಡು, ಥಳಥಳ ಹೊಳೆಯುತ್ತ ಕೂತಿತ್ತು.

"ವೈನಿ, ಕಣ್ಣ ತಗೀರಿ! ನೀರು ಇಲ್ಲೇ ಐತ್ರಿ! ಹೆಪ್ಪುಗಟ್ಟೈತಿ!"

ವೈನಿ ಒಂದು ಕಣ್ಣು ತೆರೆದರು. ಬೆರಳಿನಿಂದ ಮುಟ್ಟಿದರು. "ಬರ್ಫ ಲೇ ಇದು!" ಎಂದರು. ಆಮೇಲೆ, "ಮೈಲಿಗಿ ಆಗ್ತೈತಂತ ರಾತ್ರಿ ಹೊರಗ ಗೂಟಕ್ಕ ಹಾಕಿದ್ವೆಲ್ಲ, ನಮ್ಮ ಶಾಣ್ಯಾತನಕ್ಕ ಬೆಂಕಿ ಹಚ್ಚ" ಎಂದರು. ಅಲ್ಲಿಂದ ನಗು ಶುರುವಾಯಿತು. ಅವರು ನನ್ನ ಹೆಗಲು ಹಿಡಿದು ನಕ್ಕರು, ನಾನು ಗುಡಿಯ ಕಂಬ ಹಿಡಿದು ನಕ್ಕೆ. ಜಗಳ ಬಿತ್ತೆಂದು ಓಡಿ ಬಂದ ಬಸವರಾಜ ಇಬ್ಬರ ಕಣ್ಣಲ್ಲೂ ನೀರು ಕಂಡು ಗಾಬರಿಯಾಗಿ, "ಏನಾತ್ರಿ?" ಎಂದ. ವೈನಿ ಅವನ ಕೈಗೆ ಅರ್ಧ ಹೋಳು ಕೊಟ್ಟು, "ತಿನ್ರಿ, ಪ್ರಸಾದ. ಕೂಸು ಥಂಡಗ ಐತಿ" ಎಂದರು. ಅವನಿಗೆ ಏನೂ ತಿಳಿಯಲಿಲ್ಲ. ನಾವು ಮಾತಾಡುತ್ತಿದ್ದೇವೆ ಎಂಬುದು ಸ್ವಲ್ಪ ತಡವಾಗಿ ಹೊಳೆದು, ಫೋನು ಹಿಡಿದು ಮತ್ತೆ ಆ ಬಂಡೆಯ ಕಡೆಗೇ ಓಡಿದ.

ಇಳಿಯುವಾಗಿನ ಮಾತು ಬರೆಯಲು ಹೋದರೆ ಮುಗಿಯುವುದಿಲ್ಲ. ಯಾರ ಮನೆಯ ಸೊಸೆ ಬೇರೆ ಒಲೆ ಹೂಡಿದಳು, ಯಾರ ಬೋರಿಗೆ ನೀರು ಬಿತ್ತು, ಯಾರು ಮಗನ ಮದುವೆಯಲ್ಲಿ ಹೋಳಿಗೆ ಕಡಿಮೆ ಮಾಡಿಸಿದರು, ಮೂರು ವರ್ಷದ ಬಾಕಿ ಸುದ್ದಿಗಳೆಲ್ಲ ಒಂದರ ಮೇಲೊಂದು ಬಂದವು. ಸೀರೆಯ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ. ಬರ್ಫದ ಮೇಲೆ ಕೈ ಕೈ ಹಿಡಿದು, ಎರಡು ಹೆಜ್ಜೆ ಇಟ್ಟು ಒಂದು ಸುದ್ದಿ, ನಿಂತು ಒಂದು ನಗು. ಮುಂದೆ ನಡೆದ ಬಸವರಾಜ ತಿರುಗಿ ನೋಡಿದರೆ ಎಲ್ಲಿ ಮಾತು ನಿಂತೀತೋ ಎಂದು ಹೆದರಿ ತಿರುಗಲೇ ಇಲ್ಲ.

ಇಷ್ಟೆಲ್ಲ ಆಡಿದರೂ ಆಡಬೇಕಾದ ಮಾತು ಇನ್ನೂ ನನ್ನ ಗಂಟಲಲ್ಲೇ ಇತ್ತು. ಹೆಪ್ಪುಗಟ್ಟಿದ ಹಳ್ಳ ಮತ್ತೆ ಬಂತು. ದಾಟಿ ನಿಂತು ಧೈರ್ಯ ಮಾಡಿದೆ.

"ವೈನಿ, ಅಶ್ವಿನಿ ಬಾಣಂತನಕ್ಕ ನೀವು ಬರ್ಬೇಕ್ರಿ. ನಿಮ್ಮನ್ನ ಬಿಟ್ರ ನನಗ ಯಾರದಾರ?"

ವೈನಿ ನಿಂತರು.

"ಇದನ್ನ ಕೇಳಾಕ ಇಷ್ಟು ದಿನ ಹಿಡೀತೇನು? ನಾ ಆಗಲೇ ಮೆತ್ತನ ಸೀರಿ ಹರಿದು ಕೂಸಿಗಿ ಹೊಚ್ಚಾಕ ದುಪಟಿ ಮಾಡಿ ಇಟ್ಟೀನಿ. ಕುಂಚಿಗಿ ಹೊಲ್ದೀನಿ. ಬಾಣಂತಿ ಉಂಡಿಗಿ ಅಂಟು, ಅಳವಿ ತರಿಸಿ ಹಸನ ಮಾಡೀನಿ. ನೀ ಕರೀದಿದ್ರೂ ಬರಾಕಿ ಇದ್ನಿ ನಾ. ನಿನ್ನ ಕೂಡ ಮಾತಿಲ್ಲ, ಖರೆ. ಕೂಸಿನ ಕೂಡ ನನ್ನದೇನ ಜಗಳ ಐತಿ?"

ಕರೆಯದೆ ಬಂದರೆ ಮರ್ಯಾದೆ ಹೋಗುತ್ತದೆ ಎಂದು ನನಗೆ ಕಲಿಸಿದವರೇ ಅವರು. ಆ ಮರ್ಯಾದೆಯನ್ನು ಸೀರೆಯೊಂದಿಗೇ ಹರಿದು ದುಪಟಿ ಮಾಡಿ, ನಾನು ಹಟ ಹಿಡಿದು ಕೂತಿದ್ದಾಗಲೇ ಮಡಿಚಿಟ್ಟಿದ್ದರು. ನನ್ನ ಕಾಲು ಜಾರಿತೋ ಏನೋ, ದೊಪ್ಪನೆ ಬರ್ಫದ ಮೇಲೆ ಕೂತುಬಿಟ್ಟೆ. ಪೆಟ್ಟೇನೂ ಆಗಲಿಲ್ಲ. ಅಳು ಬಂತು. ಕಾನಟೋಪಿಯೊಳಗೆ ಬಿಕ್ಕಿ ಬಿಕ್ಕಿ ಅತ್ತೆ.

ಬಸವರಾಜ ಈಗ ತಿರುಗಿದ. ಓಡಿ ಬಂದು, "ಎಲ್ಲಿ ಪೆಟ್ಟಾತ್ರಿ ಅತ್ತಿಯವರ? ಮಾಮಿ, ಏನಾತ್ರಿ ಇವರಿಗೆ?" ಎಂದ.

"ಏನೂ ಆಗಿಲ್ಲ, ನೀವು ಗಾಬರಿ ಆಗಬ್ಯಾಡ್ರಿ" ಎಂದು ವೈನಿ ತಮ್ಮ ಕೋಲನ್ನು ಅವನ ಕೈಗೆ ಕೊಟ್ಟು, ಸೆರಗು ಬಿಗಿದು, ಕಾಲು ಅಗಲಿಸಿ ಗಟ್ಟಿಯಾಗಿ ನಿಂತು, ಎರಡೂ ಕೈಯನ್ನು ನನ್ನ ಕಡೆ ಚಾಚಿದರು. "ನಾ ಮದಿವ್ಯಾಗಿ ಬಂದಾಗಿಂದ ನೋಡಾಕತ್ತೀನಿ ಈಕೀನ್ನ. ಬಿದ್ದಳಂದ್ರ ನಾ ಬಂದು ಎತ್ತೂತನಕಾ ಏಳಾಕೇ ಅಲ್ಲ."